ಬಿಸಿಲಿಗೆ ಎದುರು

ಮಗನಿಗೆ ಹೆಣ್ಣು ನೋಡಲು ಬಂದಿದ್ದ ಸತ್ತೆವ್ವ ಹುಡುಗಿಯ ಗದ್ದ ಹಿಡಿದು ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿದಳು. ಆಮೇಲೆ ತೋಳು ನೋಡಿದಳು, ಮತ್ತೆ ಮುಖ ನೋಡಿದಳು. "ರಟ್ಟಿ ಒಂದ ಬಣ್ಣ, ಮಾರಿ ಒಂದ ಬಣ್ಣ. ಮಾರಿ ಅಷ್ಟ ಯಾಕ ಹಿಂಗ ಸುಟ್ಟೈತ್ರಿ?"

ಕೆಂಪವ್ವ ತಲೆ ತಗ್ಗಿಸಿದಳು. ಅವಳ ಅಪ್ಪ ಹೊಳೆಪ್ಪ ಮುಂದೆ ಸರಿದ. ಹಿಂದೆ ಹುಡುಗಿ ನೋಡಲು ಬಂದವರೂ ಇದೇ ಮಾತೆತ್ತಿ ಎದ್ದು ಹೋಗಿದ್ದರು. ತಾಯಿಯಿಲ್ಲದ ಮಗಳು, ಮೇಲವಂಕಿಯ ಈ ಸಂಬಂಧವೂ ಕೈತಪ್ಪಿದರೆ ಊರವರ ಬಾಯಿಗೆ ಬೀಗ ಹಾಕುವವರು ಯಾರು? ಅವನು ಗಡಬಡಿಸಿ ಮಾತು ಹೊರಳಿಸಿದ. "ಧುಪದಾಳಕ್ಕ ಬಂದ ಮ್ಯಾಲ ಗೆಂಡಿ ಮೀನ ತಿನ್ನದ ಹೋಗಬಾರದ್ರಿ. ಈಗ ಹಿಡಕೊಂಡ ಬರ್ತೇನಿ."

ಮೀನೆಂದ ಕೂಡಲೇ ಸತ್ತೆವ್ವನ ಗಂಡ ಉದ್ದಪ್ಪ ಮೀಸೆ ತೀಡಿಕೊಂಡು ಎದ್ದ. ಗಾಳ ಹಾಕುವುದರಲ್ಲಿ ತನ್ನನ್ನು ಮೀರಿಸುವವರು ಮೇಲವಂಕಿಯಲ್ಲಿ ಇಲ್ಲ ಎಂದು ಅವನು ಹೇಳಿಕೊಳ್ಳುತ್ತಿದ್ದ. ಬೇರೆ ಯಾರ ಬಾಯಲ್ಲೂ ಆ ಮಾತು ಬಂದಿರಲಿಲ್ಲ.

ಊರ ಹೊಳೆಯ ಒಡ್ಡಿನ ಹಿಂದೆ ನಿಂತ ನೀರು ಆಳವಾದ ಮಡುವಾಗಿತ್ತು. ಬೇಸಿಗೆಯ ಇಳಿಹೊತ್ತು, ಕಾಲಿಟ್ಟರೆ ಮರಳು ಸುಡುತ್ತಿತ್ತು. ಇಬ್ಬರೂ ಪಡುವಣ ದಂಡೆಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಕಲ್ಲು ಕಟ್ಟಿದ ಗಾಳಗಳನ್ನು ತಳಕ್ಕಿಳಿಸಿದರು. ಬಹಳ ಹೊತ್ತಾದರೂ ದಾರ ಅಲುಗಲಿಲ್ಲ.

"ಮೀನ ಈ ಮಡುವಿನ್ಯಾಗ ಅದಾವೋ, ಬರೇ ನಿನ್ನ ಮಾತಿನ್ಯಾಗ ಅದಾವೋ, ಹೊಳೆಪ್ಪಾ?" ಎಂದ ಉದ್ದಪ್ಪ.

ಹೊಳೆಪ್ಪ ದಾರವನ್ನು ಇನ್ನಷ್ಟು ತಳಕ್ಕೆ ಬಿಟ್ಟ. ಆ ಮನೆಯಲ್ಲಿ ಮೀನು ಹಿಡಿಯುತ್ತಿದ್ದವಳು ಮಗಳು. ಅದನ್ನು ಹೇಳಿದರೆ ಮುಖ ಸುಟ್ಟ ಕಾರಣವನ್ನೂ ಹೇಳಬೇಕಾಗುತ್ತಿತ್ತು.

ಅಷ್ಟರಲ್ಲಿ ಕೆಂಪವ್ವ ರೊಟ್ಟಿಬುತ್ತಿ, ಕುಡಿಯುವ ನೀರು ಹೊತ್ತು ಬಂದಳು. "ಅಲ್ಲೇ ಇಟ್ಟ ಮನೀಗಿ ನಡಿ, ಬಿಸಲಾಗ ನಿಲ್ಲಬ್ಯಾಡ" ಎಂದು ಹೊಳೆಪ್ಪ ಕಣ್ಸನ್ನೆ ಮಾಡಿದ. ಅವಳು ಕದಲಲಿಲ್ಲ. ಮಡುವಿನ ನಡುವೆ ಸಣ್ಣ ಸಣ್ಣ ಬಳೆಗಳಂತೆ ನೀರು ಅರಳಿ ಅಳಿಯುವುದು ಅವಳ ಕಣ್ಣಿಗೆ ಬಿದ್ದಿತ್ತು. ಇವರೆದುರು ತಾನೇ ಬಿಸಿಲಿಗೆ ಕೂತು ಗಾಳ ಹಾಕಿದರೆ ಈ ಸಂಬಂಧ ಮುರಿದಂತೆಯೇ ಎಂದು ಅವಳಿಗೂ ಗೊತ್ತು. ಆದರೆ ಮನೆಗೆ ಬಂದವರು ಬರೀ ಬೇಳೆ ಉಂಡು ಎದ್ದರೆ ಅಪ್ಪನ ಮಾತು ಹೋಗುತ್ತದೆ.

"ಅಪ್ಪಾ, ಝಳಕ್ಕ ಮೀನ ಮ್ಯಾಲ ಬಂದ ನಿಂತಾವು. ನೀವ ತಳದಾಗ ಹುಡಕಾಕತ್ತೀರಿ" ಎಂದವಳೇ ಅವನ ಗಾಳ ಇಸಿದುಕೊಂಡು, ಒಂದು ರೊಟ್ಟಿ ಎತ್ತಿಕೊಂಡು, ಸುತ್ತಿ ಆಚೆ ದಂಡೆಗೆ ಹೋದಳು.

ಅಲ್ಲಿ ಸೂರ್ಯನಿಗೆ ಎದುರಾಗಿ ಕುಕ್ಕರಗಾಲಲ್ಲಿ ಕೂತಳು. ತಲೆಯ ಮೇಲಿನ ಸೆರಗು ಜಾರಿತು, ಎಳೆದುಕೊಳ್ಳಲಿಲ್ಲ. ಗಾಳದ ಕಲ್ಲು ಬಿಚ್ಚಿ ಬಿಸಾಡಿದಳು. ರೊಟ್ಟಿ ಮುರಿದು ಎರಚಿದಳು. ಚೂರುಗಳು ತೇಲಿದವು. ಸ್ವಲ್ಪ ಹೊತ್ತಿಗೆ ಒಂದು ದುಂಡನೆಯ ಬಾಯಿ ಮೇಲೆದ್ದು ಒಂದು ಚೂರನ್ನು ಚಪ್ಪೆಂದು ಹೀರಿತು. ಆಮೇಲೆ ಇನ್ನೊಂದು. ಆಗ ತೋಯಿಸಿ ಮೆತ್ತಗಾದ ರೊಟ್ಟಿಯ ಅಂಚನ್ನು ಗಾಳಕ್ಕೆ ಚುಚ್ಚಿ ಆ ಚೂರುಗಳ ನಡುವೆ ಇಳಿಬಿಟ್ಟಳು. ಎಂಥ ಕೈ ಅದು! ನೀರಿಗೇ ಸುದ್ದಿ ಮುಟ್ಟಲಿಲ್ಲ.

ದಾರ ಸರ್ರನೆ ಓಡಿತು. ಅವಳು ಎಳೆದಾಡಲಿಲ್ಲ, ಮೀನು ಹೋದತ್ತ ದಂಡೆಗುಂಟ ತಾನೂ ನಡೆದಳು, ದಣಿಸಿದಳು, ಕೊನೆಗೆ ತೋಳುದ್ದದ ಗೆಂಡೆಯನ್ನು ತಬ್ಬಿಕೊಂಡು ಮೇಲೆ ಬಂದಳು. ಉದ್ದಪ್ಪ ರುಮಾಲು ಬಿದ್ದದ್ದೂ ತಿಳಿಯದೆ ಆಚೆ ದಂಡೆಗೆ ಓಡಿದ್ದ.

"ಬಿಸಲಿಗೆ ಎದರ ಯಾಕ ಕುಂತಿ, ತಂಗೀ? ಕಣ್ಣ ಕುಕ್ಕೂದಿಲ್ಲೇನ?"

"ಕುಕ್ಕತಾವ್ರಿ, ಕಾಕಾ. ಬೆನ್ನ ಕೊಟ್ಟರ ನಮ್ಮ ನೆರಳ ನೀರಿಗಿ ಬೀಳತೈತ್ರಿ. ಮ್ಯಾಲಿದ್ದ ಮೀನ ಅಂಜಿ ಓಡತಾವು."

ಉದ್ದಪ್ಪ ತಿರುಗಿ ನೋಡಿದ. ಈಚೆ ದಂಡೆಯಲ್ಲಿ ಹೊಳೆಪ್ಪ ಪೆಚ್ಚಾಗಿ ನಿಂತಿದ್ದ. ಅವನ ನೆರಳು ನೀರಿನ ಮೇಲೆ ಉದ್ದಕ್ಕೆ ಮಲಗಿತ್ತು.

ಊಟವಾಯಿತು. ಸತ್ತೆವ್ವ ಎರಡನೆಯ ಸಲ ಸಾರು ಹಾಕಿಸಿಕೊಂಡಳು, ಬೆರಳು ನೆಕ್ಕಿದಳು. ಅಂಗಳಕ್ಕೆ ಬಂದ ಮೇಲೆ ಗಂಡನ ಕಿವಿಯಲ್ಲಿ, "ಎಲ್ಲಾ ಖರೆ, ಹುಡಿಗಿ ಮಾರಿ ಬಣ್ಣದ್ದ ಏನ ಮಾಡೂದ್ರಿ?" ಎಂದಳು.

ಉದ್ದಪ್ಪ ತನ್ನ ಗಲ್ಲ ಸವರಿಕೊಂಡ. ಒಳಗೆ ಹೊಳೆಪ್ಪನಿಗೂ ಕೇಳುವಷ್ಟು ಜೋರಾಗಿ ಹೇಳಿದ: "ನನ್ನ ಮಾರಿ ನೋಡ. ಹುಟ್ಟಿದಾಗಿಂದ ಬಿಸಲಿಗೆ ಬೆನ್ನ ಕೊಟ್ಟ ಕುಂತೇನಿ. ಮಾರಿ ಬೆಳ್ಳಗ ಐತಿ, ಬುಟ್ಟಿ ಖಾಲಿ ಐತಿ."