ಮುಕ್ಕಾದ ‘ಪ’

ನಾದಿನಿಯ ಮನೆಯಲ್ಲಿ ಹೆಂಡತಿಯ ಕೈಕೋಲು ಹುಡುಕುತ್ತ ಮಂಚದ ಕೆಳಗೆ ತಡಕಿದ ಟೈಲರ್‌ನ ಕೈಗೆ ತಗಡಿನ ಪೆಟ್ಟಿಗೆಯೊಂದು ತಗುಲಿತು. ಹೊರಗೆಳೆದು ಮುಚ್ಚಳ ತೆಗೆದ. ಓಬೀರಾಯನ ಕಾಲದ ಟೈಪ್‌ರೈಟರ್.

“ಇದು ಯಾರದು?”

“ಅಕ್ಕಂದೇ ಭಾವ, ಆಫೀಸಿಗೆ ಹೋಗ್ತಿದ್ದಾಗಿಂದು,” ಎಂದಳು ನಾದಿನಿ. “ನಮ್ಮನೆಗೆ ಬಂದಾಗೆಲ್ಲ ಬಾಗಿಲು ಹಾಕ್ಕೊಂಡು ಕುಟ್ತಿರ್ತಾಳೆ. ಕಣ್ಣು ಹೋದ್ರೂ ಬೆರಳು ಮರೆತಿಲ್ವಂತೆ.”

ಹೆಂಡತಿ ಹೊರಗೆ ಮೆಟ್ಟಿಲ ಮೇಲೆ ಕುಳಿತು ಅವನಿಗಾಗಿ ಕಾಯುತ್ತಿದ್ದಳು. ಅವನು ಬಗ್ಗಿ ಅಚ್ಚಿನ ಕಡ್ಡಿಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಸೂಜಿಗೆ ದಾರ ಪೋಣಿಸಿ ಪಳಗಿದ ಕಣ್ಣು. ‘ಪ’ದ ಮೂಲೆ ಮುಕ್ಕಾಗಿತ್ತು.

ಆ ಮುಕ್ಕು ಅವನಿಗೆ ಚೆನ್ನಾಗಿ ಗೊತ್ತು. ಕತ್ತರಿ ಹಿಡಿಯಲ್ಲ ಎಂದ ಮಗನ ಕಪಾಳಕ್ಕೆ ಬಾರಿಸಿ ಎರಡು ವರ್ಷವಾಗಿತ್ತು. ಅಂದೇ ಮನೆ ಬಿಟ್ಟವನು ಚಿಕ್ಕಮ್ಮನ ವಿಳಾಸಕ್ಕೆ ಪತ್ರ ಟೈಪ್ ಮಾಡಿ ಕಳಿಸುತ್ತಾನೆ ಎಂದು ಹೆಂಡತಿ ಹೇಳಿದ್ದಳು. ತಿಂಗಳಿಗೊಮ್ಮೆ ತಂಗಿಯ ಮನೆಯಿಂದ ಅವಳು ತರುತ್ತಿದ್ದಳು, ಅವನು ಓದಿ ಹೇಳುತ್ತಿದ್ದ. ಅವುಗಳಲ್ಲಿನ ‘ಪ’ಕ್ಕೂ ಇದೇ ಮುಕ್ಕು. ಮೊದಲ ಪತ್ರದಲ್ಲೇ ಇತ್ತು: ‘ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ.’ ಆ ಒಂದು ಸಾಲನ್ನು ನೆಚ್ಚಿಕೊಂಡೇ ಅವನು ದಿನಾ ಅಂಗಡಿ ಬಾಗಿಲು ತೆಗೆಯುತ್ತಿದ್ದ.

“ಮಗನ ಪತ್ರ ಇಲ್ಲಿಗೆ ಬರುತ್ತಾ?”

“ಇಲ್ಲಿಗಾ? ಅವನ್ಯಾಕೆ ಇಲ್ಲಿಗೆ ಬರೀತಾನೆ ಭಾವ?”

ಸಿಟ್ಟು ಬರಬೇಕಿತ್ತು, ಇಲ್ಲವೇ ಅಳು ಬರಬೇಕಿತ್ತು. ಎರಡೂ ಬರಲಿಲ್ಲ. ಪೆಟ್ಟಿಗೆಯಲ್ಲೇ ಇದ್ದ ಹಾಳೆಯೊಂದನ್ನು ಯಂತ್ರಕ್ಕೆ ಸುತ್ತಿ, ಒಂದೇ ಬೆರಳಿನಲ್ಲಿ ‘ಅಪ್ಪ’ ಎಂದು ಕುಟ್ಟಿದ. ಮೂಡಲಿಲ್ಲ. ರಿಬ್ಬನ್ ಯಾವಾಗಲೋ ಒಣಗಿ ಹೋಗಿತ್ತು.

ಆ ಹಾಳೆಯನ್ನು ಅವನು ಬಹಳ ಹೊತ್ತು ನೋಡಿದ. ಆಮೇಲೆ ಪೆಟ್ಟಿಗೆ ಮುಚ್ಚಿ ಮಂಚದಡಿಗೆ ತಳ್ಳಿದ.

“ನಾನು ನೋಡಿದ್ದು ನಿಮ್ಮಕ್ಕನಿಗೆ ಹೇಳ್ಬೇಡ.”

ಮನೆ ಸೇರಿದೊಡನೆ ಹೆಂಡತಿ ಚೀಲ ತಡವಿ ಮಡಿಸಿದ ಹಾಳೆ ತೆಗೆದಳು. “ಮಗಂದು. ಓದ್ರೀ.”

ಅವನು ಬಿಡಿಸಿ ಓದಿದ. “‘ಕೆಲಸ ಚೆನ್ನಾಗಿದೆ. ಅಮ್ಮನ ಮಂಡಿನೋವು ಹೇಗಿದೆ? ಅಪ್ಪ ಹೊಲಿದ ಅಂಗೀನ ಇನ್ನೂ ಹಾಕ್ಕೊಳ್ತೀನಿ, ಕಾಲರ್ ಸವೆದಿದೆ ಅಷ್ಟೇ.’” ಎಲ್ಲೂ ತಡವರಿಸಲಿಲ್ಲ.

“ಇಷ್ಟೆಲ್ಲ ಬರೆದಿದ್ದಾನಾ?”

“ಹ್ಞೂಂ.”

“ಈಗೀಗ ಅವನ ಮಾತು ಥೇಟ್ ನಿಮ್ಮ ಥರಾನೇ ಆಗಿದೆ.” ಅವಳು ಕೈ ಚಾಚಿ ಅವನ ತೋಳು ಹಿಡಿದಳು. “ಇನ್ನೊಂದ್ಸಲ ಓದಿ.”

ಅವನು ಹಾಳೆಯನ್ನು ಮತ್ತೆ ಬಿಡಿಸಿದ. ಕಳೆದ ಐದು ತಿಂಗಳ ಪತ್ರಗಳಂತೆ, ಅದರಲ್ಲೂ ಒಂದಕ್ಷರ ಇರಲಿಲ್ಲ.