ಕುರಿಯ ಹಣೆಯ ಭಂಡಾರ

ಮಹಾರಾಷ್ಟ್ರದ ಡಾಕ್ಟರಮ್ಮ ಹತ್ತಿಯುಂಡೆ ಹಿಡಿದು ಕುರಿಯ ಹಣೆಯತ್ತ ಕೈ ಚಾಚಿದಾಗ ಕುರಿಗಾಹಿ ಕೇದಾರಿ ಒಂದು ಹೆಜ್ಜೆ ಮುಂದೆ ಬಂದ. ದತ್ತವಾಡದ ಹೊಳೆ ಸೇತುವೆಯ ಮೇಲೆ ಎರಡೂ ರಾಜ್ಯಗಳ ದನದ ಡಾಕ್ಟರುಗಳು ಜೊತೆಗೆ ನಿಂತು, ಗಡಿ ದಾಟುವ ಪ್ರತಿ ಹಿಂಡಿನಲ್ಲೂ ಸಿಡುಬು ಹುಡುಕುತ್ತಿದ್ದರು. ಆ ಕುರಿಯ ಹಣೆಯಲ್ಲಿ ನಿನ್ನೆಯೇ ಗುಳ್ಳೆಗಳು ಎದ್ದಿದ್ದವು. ಹಿಂಡನ್ನು ತಡೆದರೆ ಮೇವಿಗೆ ಗತಿಯಿಲ್ಲವೆಂದು ಕೇದಾರಿ ಬೆಳಿಗ್ಗೆ ಅವುಗಳ ಮೇಲೆ ದೇವರ ಅರಿಷಿಣವಾದ ಭಂಡಾರವನ್ನು ದಪ್ಪಗೆ ಮೆತ್ತಿದ್ದ.

"ಒರಸಬ್ಯಾಡ್ರಿ ಮೇಡಂ," ಎಂದು ಕರ್ನಾಟಕದ ಡಾಕ್ಟರ್ ಮಾಳಿಂಗರಾಯ ತಡೆದರು. "ಬಾಯಿ, ಬಾಲದ ಬುಡ ನೋಡೇನಿ, ಸ್ವಚ್ಛ ಅದಾವ. ನಾನೂ ಕುರುಬರ ಮನ್ಯಾಂವ. ಭಂಡಾರ ಹಚ್ಚಿ ಯಾರೂ ಸುಳ್ಳು ಹೇಳೂದಿಲ್ಲ. ಆಚೀಕಡೆ ನಮ್ಮಪ್ಪನ ಕುರಿನೂ ಅದಾವ, ಇವೂ ಹೋಗಲಿ." ಅದೇ ಕುರಿಯ ಹಣೆಯಿಂದ ಒಂದು ಚಿಟಿಕೆ ಭಂಡಾರ ತೆಗೆದು, ಕಣ್ಣು ಮುಚ್ಚಿ, ತಮ್ಮ ಹಣೆಗೆ ಹಚ್ಚಿಕೊಂಡರು.

ಹಿಂಡು ಹೊರಟಿತು. ಕೇದಾರಿ ಮಾತ್ರ ಹಿಂದೆಯೇ ಉಳಿದ. ಅವನ ಮನೆತನದಲ್ಲಿ ಭಂಡಾರ ಮುಟ್ಟಿ ಸುಳ್ಳಾಡಿದವರು ಇದುವರೆಗೆ ಯಾರೂ ಇರಲಿಲ್ಲ. ಓಡಿಹೋಗಿ ಆ ಕುರಿಯನ್ನು ಹಿಡಿದು ತಂದು, ತಲೆಯ ರುಮಾಲು ಬಿಚ್ಚಿ, ತಾನೇ ಅದರ ಹಣೆ ಒರೆಸಿದ. ಕೆಂಪು ಗುಳ್ಳೆಗಳು ಬಿಸಿಲಿಗೆ ಕಂಡವು.

"ಮುಚ್ಚಿಡಾಕ ಹಚ್ಚೇನ್ರಿ, ಸಾಹೇಬ್ರ," ಎಂದ.

ಮಾಳಿಂಗರಾಯ ಜೇಬಿನಿಂದ ಕರವಸ್ತ್ರ ತೆಗೆದು, ತಮ್ಮ ಹಣೆಯ ಭಂಡಾರವನ್ನು ನಿಧಾನವಾಗಿ ಒರೆಸಿಕೊಂಡರು.