ಅರವಟ್ಟಿಗೆಯ ನೀರು

ಹಿಮದ ಗಡಿಯಲ್ಲಿ ಸಿಪಾಯಿ ಶರಣಗೌಡನ ಬೆರಳುಗಳು ಮರಗಟ್ಟಿದ್ದವು. ಅವನದೇ ಊರಿನ, ದಲಿತ ಕೇರಿಯ ಜೊತೆ ಸಿಪಾಯಿ ಮರೆಪ್ಪ ಅವನ್ನು ದಿನವಿಡೀ ತನ್ನ ಕಂಕುಳಲ್ಲಿ ಅವುಚಿಕೊಂಡು ಉಳಿಸಿದ.

"ಈ ಹಿಮಕ್ಕಿಂತ ನಮ್ಮೂರ ಬಿಸಲೇ ಚಲೋ ಬಿಡಲೇ," ಎಂದ ಗೌಡ.

"ನಿಮಗ ಚಲೋ, ಗೌಡ್ರ. ಇಲ್ಲಿ ಒಂದ ಮಗ್ಗಿನ್ಯಾಗ ಕುಡಿತೀವಿ. ಅಲ್ಲಿ ನನಗ ನೀರು ಮುಟ್ಟಾಕ ಬಿಡ್ತಾರೇನು?"

"ನಾ ಇರೂತನಕ ಯಾವನಲೇ ನಿನ್ನ ತಡಿಯಾಂವ?"

ಇಬ್ಬರೂ ರಜೆಗೆ ಬಂದ ದಿನ ಊರಲ್ಲಿ ನೆತ್ತಿ ಸುಡುವ ಬಿಸಿಲು. ಗೌಡರ ಅರವಟ್ಟಿಗೆಯಲ್ಲಿ ಕೇರಿಯವರಿಗೆ ನೀರು ಎತ್ತಿ ಹೊಯ್ಯುವವರು ಯಾರೂ ಇರಲಿಲ್ಲ. ಮರೆಪ್ಪ ತಾನೇ ಗಡಿಗೆಯಲ್ಲಿ ತಂಬಿಗೆ ಅದ್ದಿ ಗಟಗಟ ಕುಡಿದ.

ಜನ ಮುಗಿಬಿದ್ದು ಬಡಿದರು. ಹಲ್ಲು ಮುರಿದು ನೆಲಕ್ಕುರುಳಿದವನು, "ಶರಣಗೌಡ್ರನ್ನ ಕರೀರಿ, ಅವರು ಹೇಳ್ತಾರ!" ಎಂದು ಚೀರಿದ.

"ಇಲ್ಲೇ ಅದೀನಿ."

ಮರೆಪ್ಪ ತಿರುಗಿ ನೋಡಿದ. ತನ್ನ ನೆತ್ತಿಗೆ ಬಡಿಗೆಯನ್ನು ಬಿಗಿಯಾಗಿ ಹಿಡಿದು ಬೀಸುತ್ತಿದ್ದವು, ತಾನು ಕಾಯಿಸಿ ಉಳಿಸಿದ ಹತ್ತೂ ಬೆರಳುಗಳು.